ಅಳೆಯಲು ಬಂದವಳು

ಬಿಪಿ ನೋಡುವ ಪಟ್ಟಿ ತಣ್ಣಗಿದೆ, ಒದ್ದೆ ಬಟ್ಟೆ ಸುತ್ತಿದ ಹಾಗೆ, ಇನ್ನೂ ಗಾಳಿ ತುಂಬಿಲ್ಲ, ಸುಮ್ಮನೆ ತೋಳಿಗೆ ಸುತ್ತಿ ಬಿಟ್ಟು ಹೋಗಿದ್ದಾಳೆ, ಐದು ನಿಮಿಷ ಮೇಡಂ, ಬೆನ್ನು ಕುರ್ಚಿಗೆ ಆನಿಸ್ಕೊಳ್ಳಿ, ಪಾದ ನೆಲದ ಮೇಲಿರ್ಲಿ, ಕಾಲ ಮೇಲೆ ಕಾಲು ಹಾಕ್ಬೇಡಿ, ಮಾತಂತೂ ಬೇಡವೇ ಬೇಡ — ನನಗೆ ಹೇಳುತ್ತಾಳೆ ನೋಡಿ, ನನಗೆ, ಇದೇ ಮಾತುಗಳನ್ನು ಬರೆದು ಅಚ್ಚು ಹಾಕಿಸಿ ಎಲ್ಲ ಕೇಂದ್ರಗಳ ಗೋಡೆಗೂ ಅಂಟಿಸಲು ಕಳಿಸಿದವಳೇ ನಾನು, ಆ ಹಾಳೆ ಎದುರಿಗೇ ಇದೆ, ಮೂಲೆ ಮಡಚಿಕೊಂಡಿದೆ, ಬಿಸಿಲಿಗೆ ಬಣ್ಣ ಮಾಸಿದೆ, ಹೇಳುವುದು ಶಾಸ್ತ್ರ ತಿನ್ನುವುದು ಬದನೆಕಾಯಿ ಅಂದರೆ ಇದೇ, ನಾನು ಕೊನೆಯ ಸಲ ತೋಳು ಕೊಟ್ಟಿದ್ದು ಯಾವಾಗ, ನೆನಪಿಲ್ಲ, ನೆನಪಾಗದಿದ್ದರೇ ಒಳ್ಳೆಯದು. ಬಂದವಳೇ ಬ್ಯಾಗನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಗತ್ತಿನಿಂದಲೇ, ಎಲ್ಲಿ, ಈ ಅರ್ಧ ವರ್ಷದ ಲೆಕ್ಕ ತೆಗಿಯಮ್ಮ ಅಂದರೆ ಗುಬ್ಬಿ ಲೆಕ್ಕ ತೆಗೆಯಲಿಲ್ಲ, ಕುರ್ಚಿ ಎಳೆದಳು, ಮೊದಲು ಕೂತ್ಕೊಳ್ಳಿ ಮೇಡಂ, ಅಳೆಯೋಕೆ ಬಂದೋರನ್ನ ಮೊದಲು ಅಳೀಬೇಕು, ಈ ರೂಮಿನ ಪದ್ಧತಿ ನಿಮಗೆ ಗೊತ್ತೇ ಇದೆಯಲ್ಲ, — ಗೊತ್ತಿಲ್ಲದೆ ಏನು, ಆ ಪದ್ಧತಿ ಹಾಕಿದ ಹಿರಿಯ ನರ್ಸು ಅಕ್ಕನ ಕೈಕೆಳಗೆ ಇದೇ ರೂಮಿನಲ್ಲಿ ಕೆಲಸ ಕಲಿತವಳು ನಾನು, ಗುಬ್ಬಿ ಆಮೇಲೆ ಬಂದವಳು, ನಾನು ಮೇಲಿನ ಕಚೇರಿಗೆ ಹೋದ ಮೇಲೆ ನನ್ನ ಜಾಗಕ್ಕೆ ಬಂದಳು, ಈಗ ಇಲ್ಲಿಯ ನರ್ಸು ಅವಳೇ, ಕುಳ್ಳಗೆ, ಪುಟಪುಟ ಓಡಾಡುತ್ತಾಳೆ ಅಂತ ಅಕ್ಕ ಗುಬ್ಬಿ ಅಂದಳು, ಬೀದಿಯವರೆಲ್ಲ ಅದನ್ನೇ ಉಳಿಸಿಕೊಂಡರು. ಬ್ಯಾಗಿನಲ್ಲಿ ವರದಿ ಇದೆ, ಬರೆದಾಗಿದೆ, ಕೊನೆಯ ಸಾಲೂ ಬರೆದಾಗಿದೆ, ಈ ಕೇಂದ್ರವನ್ನು ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸಬಹುದು ಅಂತ, ನನ್ನ ಸಹಿ ಒಂದು ಬಾಕಿ, ಇವತ್ತು ಅರ್ಧ ವರ್ಷದ ಕೊನೆಯ ದಿನ, ಸಂಜೆಯೊಳಗೆ ಹೋಗಬೇಕು. ಗುಬ್ಬಿಗೆ ಅದು ಗೊತ್ತು, ಗೊತ್ತಿದ್ದೂ ಪಟ್ಟಿ ಸುತ್ತಿದಳು.

ಸುಮ್ಮನೆ ಕೂರುವುದು, ಅದೂ ನಾನು, ಮಾತು ಬೆಳ್ಳಿ ಮೌನ ಬಂಗಾರ ಅಂತ ಯಾರೋ ಬಂಗಾರ ಇದ್ದವರು ಹೇಳಿರಬೇಕು, ನನ್ನ ಹತ್ತಿರ ಇರುವುದೆಲ್ಲ ಬೆಳ್ಳಿಯೇ, ಅಕ್ಕ ಮೊದಲ ದಿನವೇ ಹೇಳಿದ್ದಳು, ಏನೇ ಇದು, ಅರಳು ಹುರಿದ ಹಾಗೆ ಪಟಪಟ ಪಟಪಟ, ಉಸಿರಾದರೂ ತಗೊಳ್ತೀಯಾ ಮಧ್ಯೆ, ಅವತ್ತಿಂದ ನನಗೆ ಅರಳು ಅಂತಲೇ ಹೆಸರು, ಅರಳೂ ಆ ಹತ್ತಿ ಕೊಡು, ಅರಳೂ ಬಾಗಿಲು ಹಾಕು, ಈಗ ಹಾಗೆ ಕರೆಯುವವರು ಯಾರೂ ಇಲ್ಲ, ಕಚೇರಿಯಲ್ಲಿ ಮೇಡಂ, ಮನೆಯಲ್ಲಿ ಇವರು ಇಷ್ಟು ವರ್ಷವಾದರೂ ಕರೆಯುವುದು ಲೇ ಅಂತ, ಮಗಳು ಮಾ ಅನ್ನುತ್ತಾಳೆ, ಅರಳು ಅನ್ನುವ ಹುಡುಗಿ ಈ ರೂಮಿನಲ್ಲೇ ಎಲ್ಲೋ ಉಳಿದುಹೋದಳು, ಆ ಕಿಟಕಿ ಪಕ್ಕ, ತೂಕದ ಯಂತ್ರದ ಹಿಂದೆ. ಕಿಟಕಿ ಅದೇ, ಒಂದು ಗಾಜು ಆಗಲೂ ಬಿರುಕು ಬಿಟ್ಟಿತ್ತು, ಗೋಡೆ ಆಗ ಹಸಿರು, ಅರ್ಧದವರೆಗೆ ಎಣ್ಣೆ ಬಣ್ಣ, ಈಗ ಪೂರ್ತಿ ಬಿಳಿ, ಮೇಜು ಮಾತ್ರ ಬದಲಾಗಿಲ್ಲ, ಎಷ್ಟೋ ಮೊಣಕೈ ಊರಿ ಊರಿ ಅಂಚು ನುಣ್ಣಗಾಗಿದೆ, ಆಗ ಇದರ ಮೇಲೆ ಪಾದರಸದ ಯಂತ್ರ ಇತ್ತು, ಉದ್ದನೆಯ ಪೆಟ್ಟಿಗೆ, ಮುಚ್ಚಳ ತೆಗೆದರೆ ಗಾಜಿನ ಕೊಳವೆ, ಬೆಳ್ಳಿಯ ಎಳೆ ಮೇಲೆ ಏರಿ ನಿಧಾನ ಇಳಿಯುವಾಗ ಒಂದು ಕಡೆ ಸಣ್ಣಗೆ ನಡುಗುತ್ತಿತ್ತು, ನೋಡಿದೆಯಾ, ಅಲ್ಲಿ ಮನುಷ್ಯ ಇದ್ದಾನೆ ಅನ್ನುತ್ತಿದ್ದಳು ಅಕ್ಕ. ದಪ್ಪ ಕನ್ನಡಕ, ಸದಾ ಉಗುರಿನಂಚಿಗೆ ಶಾಯಿ, ಯಾರಿಗೂ ಸ್ವಂತ ಅಕ್ಕ ಅಲ್ಲ, ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು, ಪರಿಶೀಲನೆಗೆ ಅಂತ ಮೇಲಿನವರು ಸೂಟು ಹಾಕಿಕೊಂಡು ಬಂದರೆ, ಬನ್ನಿ ಸಾರ್, ಮೊದಲು ತೋಳು ಕೊಡಿ ಅನ್ನುವಳು, ನಾವು ಜನರನ್ನ ನೋಡ್ತೀವಿ, ನೀವು ನಮ್ಮನ್ನ ನೋಡ್ತೀರಿ, ನಿಮ್ಮನ್ನ ಯಾರು ನೋಡ್ಬೇಕು, ಅವರು ನಗುತ್ತಾ ಕೂರುವರು, ಐದು ನಿಮಿಷ ಬಾಯಿಗೆ ಬೀಗ, ಆ ಐದು ನಿಮಿಷದಲ್ಲಿ ಅವರ ಅರ್ಧ ಗತ್ತು ಇಳಿದಿರುತ್ತಿತ್ತು, ನಾನು ಪರದೆ ಹಿಂದೆ ನಿಂತು ನಗು ತಡೆಯಲಾರದೆ ಸೆರಗೋ ಕರವಸ್ತ್ರವೋ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಅಂಕಿ ಚೆನ್ನಾಗಿದ್ದರೆ ಅಕ್ಕ ಪಟ್ಟಿ ಬಿಚ್ಚಿ, ಏಳಿ, ಮುಂದಿನೋರು ಬನ್ನಿ, ಬಸ್ಸಿನ ಕಂಡಕ್ಟರ್ ಹಾಗೆ ಒರಟಾಗಿ. ಚೆನ್ನಾಗಿಲ್ಲದಿದ್ದರೆ ಏನೂ ಅನ್ನುತ್ತಿರಲಿಲ್ಲ, ಮೇಲೆ ಮಡಚಿದ್ದ ಅಂಗಿಯ ತೋಳನ್ನು ತಾನೇ ಇಳಿಸುವಳು, ಒಂದೊಂದೇ ಮಡಿಕೆ, ಮಣಿಕಟ್ಟಿನವರೆಗೆ, ಗುಂಡಿ ಇದ್ದರೆ ಗುಂಡಿ ಹಾಕಿ, ಆಮೇಲೆ ಆ ಕೈಯನ್ನು ತನ್ನ ಎರಡು ಕೈಯ ಮಧ್ಯೆ ಇಟ್ಟುಕೊಂಡು ಮಾತು ಶುರುಮಾಡುವಳು, ಹೀಗಾಗಿ ಬೀದಿಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತ್ತು, ಅಂಗಡಿಯವನಿಗೆ ತೋಳು ಇಳಿಸಿದ್ರಂತೆ, ಅಯ್ಯೋ ಹೌದಾ, ಪಾಪ, ಏರಿದೆಯಂತಾ. ಎಷ್ಟು ತೋಳು ಇಳಿಸಿದಳೋ, ಒಂದು ಸಂಜೆ ಮನೆಗೆ ಹೋಗುವಾಗ ಕೇಳಿದ್ದೆ, ಯಾಕಕ್ಕ, ಅಂಕಿ ಹೇಳಿದ್ರೆ ಮುಗೀತಲ್ಲ, ಅವರ ತೋಳು ಅವರೇ ಇಳಿಸ್ಕೊಳ್ತಾರೆ, ಅಕ್ಕ ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಅಂಕಿ ಕೇಳಿದ್ಮೇಲೆ ಅವರಿಗೆ ಬೇರೆ ಏನೂ ಕೇಳಲ್ಲ ಕಣೇ, ಅದಕ್ಕೆ ಮೊದಲು ಒಂದು ಕೈ ಬೇಕು ಅವರಿಗೆ. ಆಗ ಅರ್ಥವಾಯಿತು ಅಂದುಕೊಂಡೆ, ಇಪ್ಪತ್ತೆರಡರ ಹುಡುಗಿಗೆ ಏನು ಅರ್ಥವಾಗುತ್ತದೆ, ಮಣ್ಣು.

ಗೋಡೆಯ ಗಡಿಯಾರ ಎಷ್ಟು ಸದ್ದು ಮಾಡುತ್ತದೆ, ಹಿಂದೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು, ದರ್ಜಿ ತಾತ, ಹೌದು ಅವರೇ, ಬರುವಾಗ ನೋಡಿದೆ, ಬೆನ್ನು ಇನ್ನೂ ಬಾಗಿದೆ, ಹೊಲಿಗೆ ಬಿಟ್ಟು ಎಷ್ಟೋ ಕಾಲವಾದರೂ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತದೆ, ನನ್ನ ಗುರುತು ಹತ್ತಲಿಲ್ಲ ಅವರಿಗೆ, ಗುಬ್ಬಮ್ಮಾ, ಈ ರೂಮು ಮುಚ್ತಾರಂತೆ, ನಿಜಾನಾ, — ಶ್, ತಾತ, ಐದು ನಿಮಿಷ, — ನನಗಲ್ಲವಲ್ಲ ಐದು ನಿಮಿಷ, ಆ ಅಮ್ಮನಿಗೆ, ನಾನು ಮಾತಾಡ್ಬಹುದು, ಮುಚ್ಚಿದ್ರೆ ನಾವೆಲ್ಲಿಗೆ ಹೋಗೋದು ಹೇಳು, ದೊಡ್ಡಾಸ್ಪತ್ರೆಗೆ ಎರಡು ಬಸ್ಸು, ಅಲ್ಲಿ ಹೋಗಿ ಸಾಲಲ್ಲಿ ನಿಂತು ಜಗಳ ಆಡೋ ಹೊತ್ತಿಗೆ ಇಲ್ಲದ ಬಿಪಿನೂ ಬಂದಿರುತ್ತೆ, ಯಾವನಮ್ಮ ಇದನ್ನ ಮಾಡ್ತಿರೋನು, ಒಂದ್ಸಲ ಕರ್ಕೊಂಡು ಬಾ, ಕತ್ತಿನ ಅಳತೆ ತಗೊಳ್ತೀನಿ — ನಾನು ತಾತ, ಅವನಲ್ಲ ಅವಳು, ನಿಮ್ಮ ಎದುರಿಗೇ ಬೆನ್ನು ಹಾಕಿ ಕೂತಿದ್ದೇನೆ, ನನ್ನ ಮದುವೆಗೆ ರವಿಕೆ ಹೊಲಿದುಕೊಟ್ಟವರು ನೀವೇ, ಬಾಯಿ ತೆರೆಯುವ ಹಾಗಿಲ್ಲ, ಮಾತಾಡಿದರೆ ಅಂಕಿ ಏರುತ್ತದೆ, ಗೋಡೆಯ ಮೇಲೆ ಬರೆದಿದೆ. ಮಾತಾಡದಿದ್ದರೂ ಏರುತ್ತಿದೆ ಅನ್ನಿಸುತ್ತಿದೆ, ಕುತ್ತಿಗೆಯ ಹಿಂದೆ ಆ ನೋವು, ಬೆಳಗ್ಗೆ ಏಳುವಾಗ ಬರುತ್ತದಲ್ಲ, ದಿಂಬು ಸರಿಯಿಲ್ಲ ಅಂತ ಮೂರು ದಿಂಬು ಬದಲಾಯಿಸಿದೆ, ಇವರು ಹೇಳುತ್ತಲೇ ಇದ್ದಾರೆ, ಲೇ, ಊರಿನವರ ಬಿಪಿ ಎಲ್ಲ ನಿನ್ನ ಲೆಕ್ಕದಲ್ಲಿದೆ, ನಿನ್ನದು ಯಾರ ಲೆಕ್ಕದಲ್ಲಿದೆ, ಸುಮ್ಮನಿರಿ, ನನಗೇನಾಗಿದೆ.

ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ — ಅಮ್ಮನ ಮಾತು ಅದು, ಅಮ್ಮನ ಬಾಯಿಂದಲೇ ಬಂದು ನನ್ನ ಬಾಯಲ್ಲಿ ಕೂತಿದೆ, ಇದೇ ಕುರ್ಚಿಗೆ ಅಮ್ಮನನ್ನು ಎಳೆದುಕೊಂಡು ಬಂದಿದ್ದೆ, ಚಳಿಗಾಲ, ಬೂದು ಬೆಳಕು, ಅಮ್ಮನ ಹಸಿರು ಸ್ವೆಟರು, ಒಗೆದು ಒಗೆದು ತೋಳಿನ ತುದಿ ಸಡಿಲವಾಗಿತ್ತು, ಅಕ್ಕನಿಗೆ ಒಂದು ಕಪ್ ಟೀ ಕೊಟ್ಟು ಹೋಗ್ತೀನಿ, ಅಳೆಯೋದೆಲ್ಲ ಬೇಡ ಅಂತ ದಾರಿಯುದ್ದಕ್ಕೂ ಹಟ, ಕೂತ ಮೇಲೆ ಮಾತ್ರ ಶಾಲೆಯ ಹುಡುಗಿಯ ಹಾಗೆ ಕೈ ನೀಟಾಗಿ ಮೇಜಿನ ಮೇಲೆ, ಪಾದರಸ ಏರಿತು, ಇಳಿಯಿತು, ನಾನು ಪರದೆಯ ಪಕ್ಕ ನಿಂತಿದ್ದೆ, ಏಳಿ ಅನ್ನು ಅಕ್ಕ, ಏಳಿ ಮುಂದಿನೋರು ಬನ್ನಿ ಅನ್ನು, ಒರಟಾಗಿ ಅನ್ನು, ಅಕ್ಕ ಅನ್ನಲಿಲ್ಲ, ಸ್ವೆಟರಿನ ತೋಳನ್ನು ಹಿಡಿದಳು, ಒಂದು ಮಡಿಕೆ ಇಳಿಸಿದಳು, ಇನ್ನೊಂದು ಮಡಿಕೆ, ಮಣಿಕಟ್ಟಿನವರೆಗೆ, ಸಡಿಲವಾದ ತುದಿಯನ್ನು ಒಂದು ಸುತ್ತು ಒಳಗೆ ಮಡಚಿ ಸರಿಮಾಡಿದಳು, ಅಮ್ಮ ಅಕ್ಕನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು, ಅಮ್ಮನಿಗೂ ಬೀದಿಯ ಮಾತು ಗೊತ್ತಿತ್ತಲ್ಲ. ಆಮೇಲೆ ಶುರುವಾಯಿತು ಅವರಿಬ್ಬರ ಯುದ್ಧ, ಅಕ್ಕ ವಾರಕ್ಕೊಮ್ಮೆ ಮನೆಗೇ ಬಂದು ಉಪ್ಪಿನ ಡಬ್ಬಿ ಎತ್ತಿ ನೋಡುವಳು, ಅಮ್ಮ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನ ಹಿಂದೆ ಬಚ್ಚಿಡುವಳು, ಸಿಕ್ಕಿಬಿದ್ದಾಗ ಸೊಂಟಕ್ಕೆ ಕೈಯಿಟ್ಟು, ಉಪ್ಪಿಗಿಂತ ರುಚಿಯಿಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ, ಅಕ್ಕ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ, ಪೂರ್ತಿ ಹೇಳಮ್ಮ, ತಾಯಿಗಿಂತ ಬಂಧುವಿಲ್ಲ ಅಂತಾನೂ ಹೇಳಿದ್ದಾರೆ, ಆ ಬಂಧು ಉಳೀಬೇಕೋ ಬೇಡ್ವೋ ಈ ಹುಡುಗಿಗೆ, ಅಮ್ಮ ಟೀ ಸೋಸಲು ಹೋದಳು.

ನಡಿಗೆಗೆ ಹೋಗಲು ಬಿಳಿ ಕ್ಯಾನ್ವಾಸ್ ಬೂಟು ತಂದುಕೊಟ್ಟೆ, ಈ ವಯಸ್ಸಲ್ಲಿ ಬೂಟಾ, ನಾನೇನು ಓಟಕ್ಕೆ ಹೆಸರು ಕೊಟ್ಟಿದೀನಾ, ಚೀಲದಲ್ಲಿ ಹಾಕಿಕೊಂಡು ಬೀದಿಯ ತಿರುವಿನವರೆಗೆ ಚಪ್ಪಲಿಯಲ್ಲಿ ಹೋಗಿ ಅಲ್ಲಿ ಬದಲಾಯಿಸುತ್ತಿದ್ದಳು, ಆಮೇಲಾಮೇಲೆ ಚೀಲ ಬಿಟ್ಟಳು, ಆಮೇಲೆ ಗುಂಪಿಗೆ ಅವಳೇ ಮುಂದೆ, ಅಕ್ಕನ ನಡಿಗೆ ಗುಂಪು, ಹದಿನೈದಿಪ್ಪತ್ತು ಜನ, ಹಿಂದೆ ಉಳಿದವರನ್ನು ಅಮ್ಮ ಕೂಗಿ ಕರೆಯುವುದು ಮನೆಯವರೆಗೆ ಕೇಳಿಸುತ್ತಿತ್ತು, ಬಾರಪ್ಪ ದರ್ಜಿ, ಸೂಜಿಗೆ ದಾರ ಪೋಣಿಸ್ತಿದೀಯಾ ನಡೀತಿದೀಯಾ. ಆಮೇಲೆ ಏನಾಯಿತು, ಏನೂ ಆಗಲಿಲ್ಲ, ಅದೇ, ಏನೂ ಆಗಲಿಲ್ಲ, ಪಕ್ಕದ ಮನೆಯ ಮೇಷ್ಟ್ರು ಇಲ್ಲಿಗೆ ಬರುತ್ತಿರಲಿಲ್ಲ, ನನಗೆ ಅದೆಲ್ಲ ಬೇಕಿಲ್ಲ ಅನ್ನುತ್ತಿದ್ದರು, ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಅವರ ಒಂದು ಕಡೆ ಬಿದ್ದುಹೋಯಿತು, ಎಷ್ಟು ಪಾಠ ಹೇಳಿದ ಬಾಯಿ ಒಂದು ಕಡೆಗೆ ತಿರುಗಿತು, ಅಮ್ಮನಿಗೆ ಏನೂ ಆಗಲಿಲ್ಲ, ಅಮ್ಮ ಹಾಲಿನವನ ಜೊತೆ ಜಗಳವಾಡಿದಳು, ಇವರು ಪೇಪರನ್ನು ಹರಡಿ ಬಿಟ್ಟದ್ದಕ್ಕೆ ಅಳಿಯನೆಂದೂ ನೋಡದೆ ಬೈದಳು, ನನ್ನ ಮಗಳಿಗೆ ಸೈಕಲ್ಲಿನ ಹಿಂದೆ ಓಡಿ ಓಡಿ ಬ್ಯಾಲೆನ್ಸ್ ಕಲಿಸಿದಳು, ಆ ವಯಸ್ಸಿನಲ್ಲಿ, ಬಿಳಿ ಬೂಟು ಹಾಕಿಕೊಂಡು, ಮಗಳು ಬಿದ್ದರೆ ನೆಲಕ್ಕೆ ಹೊಡೆದಳು, ಬಿಸಿಲಿಗೆ ಕೂತು ತಲೆ ಒಣಗಿಸಿಕೊಂಡಳು, ನಾನು ಕೆಲಸದಿಂದ ಬಂದು ಬಾಗಿಲು ತಟ್ಟುವ ಮೊದಲೇ ಒಳಗಿಂದ, ಬಂದೆ ಇರೇ, ಆ ದನಿ, ಎಷ್ಟು ಸಂಜೆ, ಎಷ್ಟು ವರ್ಷ, ಒಂದೂ ಸಂಜೆ ಬೇರೆಯಾಗಿ ನೆನಪಿಲ್ಲ, ಎಲ್ಲ ಸಂಜೆಯೂ ಒಂದೇ ಸಂಜೆ, ಅದಕ್ಕಿಂತ ಒಳ್ಳೆಯ ಕಾಲ ನನ್ನ ಜೀವನದಲ್ಲಿ ಇರಲಿಲ್ಲ, ಆಗ ಗೊತ್ತಿರಲಿಲ್ಲ. ಕೊನೆಗೆ ಅಮ್ಮ ವಯಸ್ಸಾಗಿ ಹೋದಳು, ಚೆನ್ನಾಗಿ ವಯಸ್ಸಾಗಿ, ಅಕ್ಕ ಬಂದು ಕಾಲ ಬಳಿ ಕೂತು ಅತ್ತಳು, ಈಗ ಅಕ್ಕನೂ ಇಲ್ಲ. ವರದಿಯಲ್ಲಿ ಆ ವರ್ಷಗಳಿಗೆ ಕಾಲಂ ಇಲ್ಲ, ಪತ್ತೆಯಾದವರು ಇದೆ, ಮಾತ್ರೆ ಪಡೆದವರು ಇದೆ, ಬಿಟ್ಟುಹೋದವರು ಇದೆ, ಸತ್ತವರು ಇದೆ, ಏನೂ ಆಗದೆ ಬಿಸಿಲಿಗೆ ಕೂತು ತಲೆ ಒಣಗಿಸಿಕೊಂಡವರು ಅಂತ ಒಂದು ಕಾಲಂ ಹಾಕಿ ಅಂದರೆ ನನ್ನನ್ನು ಹುಚ್ಚಾಸ್ಪತ್ರೆಯ ಕಾಲಮ್ಮಿಗೆ ಹಾಕುತ್ತಾರೆ.

ಹೇಳಿದೆ, ಹೇಳದೆ ಬಿಟ್ಟೆನಾ, ಮೊನ್ನೆ ಡೈರೆಕ್ಟರ ಕೋಣೆಯಲ್ಲಿ ನಿಂತು ಹೇಳಿದೆ, ಸಾರ್, ಆ ಬೀದಿಯಲ್ಲಿ ಇದ್ದವರೆಲ್ಲ ಆಗಲೇ ಪತ್ತೆಯಾಗಿದ್ದಾರೆ, ಹೊಸಬರಿಗೆ ಬರದ ಹಾಗೆ ನೋಡ್ಕೊಂಡಿದ್ದಾರೆ, ಹಾಗಾಗಿ ಹೊಸದಾಗಿ ಪತ್ತೆ ಸೊನ್ನೆ, ಅದು ಒಳ್ಳೆ ಸೊನ್ನೆ ಸಾರ್, ಡೈರೆಕ್ಟರು ಕೆಟ್ಟವರಲ್ಲ, ಪಾಪ ಅವರಿಗೂ ಮೇಲೊಬ್ಬರಿದ್ದಾರೆ, ಸೊನ್ನೆಯಲ್ಲಿ ಒಳ್ಳೇದು ಕೆಟ್ಟದ್ದು ಅಂತ ಇರುತ್ತೇನಮ್ಮ, ಎರಡು ಅರ್ಧ ವರ್ಷ ಸತತ ಸೊನ್ನೆ ಬಂದ್ರೆ ಕೇಂದ್ರ ಮುಚ್ಬೇಕು, ದುಡ್ಡು ಸರ್ಕಾರದ್ದು, ನಾಳೆ ನನ್ನ ಕೇಳಿದ್ರೆ ನಾನೇನು ತೋರಿಸ್ಲಿ, ಒಂದು, ಒಂದೇ ಒಂದು ಇದ್ರೂ ಉಳಿಸ್ಬಹುದಿತ್ತು. ಬೇರೆ ಕೇಂದ್ರದವರು ಸೊನ್ನೆ ಬರೆಯುವಷ್ಟು ದಡ್ಡರಲ್ಲ, ಅವರ ಅಂಕಿ ನೋಡಿದರೆ ನನಗೆ ತಿಳಿಯುತ್ತದೆ, ಎಲ್ಲವೂ ಐದರಲ್ಲೋ ಸೊನ್ನೆಯಲ್ಲೋ ಮುಗಿಯುತ್ತವೆ, ನಿಜವಾದ ರಕ್ತ ಅಷ್ಟು ಶಿಸ್ತಾಗಿ ಹರಿಯುವುದಿಲ್ಲ, ಟೀ ಕುಡಿಯುತ್ತಾ ಬರೆದ ಅಂಕಿಗಳು, ಆದರೂ ಆ ಕೇಂದ್ರಗಳು ಉಳಿಯುತ್ತವೆ, ಇದು ಮುಚ್ಚುತ್ತದೆ, ಅಳತೆ ಸರಿಯಾಗಿ ಮಾಡಿದ್ದೇ ತಪ್ಪು, ನಿನ್ನೆ ಗುಬ್ಬಿಗೆ ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ, ಗೆರೆಯ ಹತ್ತಿರ ಇರೋರು ಯಾರೂ ಇಲ್ವೇನೇ, ಸ್ವಲ್ಪ ಆಚೆ ಈಚೆ, ಗುಬ್ಬಿ, ಇಲ್ಲದ ರೋಗಾನ ಎಲ್ಲಿಂದ ತರ್ಲಿ ಮೇಡಂ ಅಂದಳು, ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು, ಖುಷಿಯೂ ಆಯಿತು, ಅಕ್ಕ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು, ಇನ್ನೂ ಒರಟಾಗಿ.

ಗುರ್ ಅಂತು, ಯಂತ್ರ, ಆಯಿತೇ ಐದು ನಿಮಿಷ, ಪಟ್ಟಿ ಉಬ್ಬುತ್ತಿದೆ, ಬಿಗಿಯುತ್ತಿದೆ, ತೋಳಿನೊಳಗೆ ಡಬ್ ಡಬ್ ಡಬ್, ಇಷ್ಟು ಬಿಗೀಬೇಕಾ ಇದು, ಇನ್ನೂ ಬಿಗಿಯುತ್ತಿದೆ, ಜಾಸ್ತಿ ಇದ್ದವರಿಗೇ ಇಷ್ಟು ಬಿಗಿಯುವುದು, ನಾನೇ ತರಬೇತಿಯಲ್ಲಿ ಹೇಳಿಕೊಡುತ್ತೇನೆ, ಈಗ ಇಳಿಯುತ್ತಿದೆ, ಪಾದರಸ ಇದ್ದಿದ್ದರೆ ನಡುಗುವುದನ್ನು ನಾನೇ ನೋಡುತ್ತಿದ್ದೆ, ಇದರಲ್ಲಿ ಬರೀ ಅಂಕಿ, ಆ ಅಂಕಿಯ ಮುಖವನ್ನು ಗುಬ್ಬಿ ತನ್ನ ಕಡೆಗೆ ತಿರುಗಿಸಿಕೊಂಡಿದ್ದಾಳೆ, ಅವಳ ಹುಬ್ಬು ಒಂದು ಸಲ, ಅಷ್ಟೇ, ಮೇಡಂ ಇನ್ನೊಂದ್ಸಲ ನೋಡೋಣ. ಇನ್ನೊಂದು ಸಲ, ಅಂದರೆ ಮೊದಲನೆಯದು ಗೆರೆ ದಾಟಿದೆ, ದಾಟದಿದ್ದರೆ ಎರಡನೆಯದು ಇಲ್ಲ, ನನ್ನದೇ ನಿಯಮ, ಎರಡೂ ಸಲ ದಾಟಿದರೆ ಪತ್ತೆ, ಪತ್ತೆ ಅಂತ ಬರೆಯಬೇಕು, ಡಾಕ್ಟರು ಆಮೇಲೆ ನೋಡುತ್ತಾರೆ, ಯಾವ ರೂಮಿನಲ್ಲಿ ಪತ್ತೆಯಾಯಿತೋ ಆ ರೂಮಿನ ಲೆಕ್ಕ, ಮನೆ ಎಲ್ಲಿದ್ದರೂ ಸರಿ, ಯಾರಾದರೂ ಸರಿ, ಅದನ್ನೂ ನಾನೇ ಬರೆದದ್ದು — ಅಯ್ಯೋ, ಒಂದು, ಡೈರೆಕ್ಟರು ಹೇಳಿದ ಆ ಒಂದೇ ಒಂದು, ಪತ್ತೆಯಾದವರು ನಾನು, ಪರಿಶೀಲಿಸಿದವರು ನಾನು, ಎಂಥ ತಮಾಷೆ, ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನನಗೆ ನಗು ಬರುತ್ತಿಲ್ಲ. ದಿನಾ ಒಂದು ಮಾತ್ರೆ, ಕೊನೆಯವರೆಗೆ, ಊಟಕ್ಕೆ ಮೊದಲು ಇವರ ಮುಖ, ಲೇ, ನಾನು ಹೇಳಿರ್ಲಿಲ್ವಾ ಅಂತ, ಮಗಳ ಫೋನು ದಿನಕ್ಕೆ ನಾಲ್ಕು ಸಲ, ಮೇಷ್ಟ್ರ ತಿರುಗಿದ ಬಾಯಿ, ಹಲ್ಲುಜ್ಜುವ ಬ್ರಷ್ಷು ಕೈಯಿಂದ ಜಾರಿದ್ದು, ಬೇಡ, ಗೊತ್ತಾಗುವುದೇ ಬೇಡ, ಇವತ್ತು ಬೇಡ.

ಗುಬ್ಬಿ ಬಗ್ಗಿದ್ದಾಳೆ, ಪಿಸುಮಾತು, ತಾತನಿಗೆ ಕೇಳಿಸದ ಹಾಗೆ, ಮೇಡಂ, ಮೆಟ್ಟಿಲು ಹತ್ತಿ ಬಂದ್ರಲ್ಲ, ಅದಕ್ಕಿರ್ಬಹುದು, ಬರೋವಾಗ ಟೀ ಕುಡಿದ್ರಾ, ರಾತ್ರಿ ನಿದ್ದೆ ಇರ್ಲಿಲ್ವೇನೋ, ಬೇಕಾದ್ರೆ ನಾಳೆ ಬನ್ನಿ, ನಿಧಾನವಾಗಿ ನೋಡೋಣ — ನಾಳೆ, ನಾಳೆ ಅಂದರೆ ಹೊಸ ಅರ್ಧ ವರ್ಷ, ನಾಳೆಯ ಒಂದು ಯಾರಿಗೂ ಬೇಡದ ಒಂದು, ಸೊನ್ನೆ ಸೊನ್ನೆಯಾಗಿಯೇ ಹೋಗುತ್ತದೆ, ಇವಳಿಗೆ ಗೊತ್ತಿಲ್ಲವೇ, ಗೊತ್ತು, ಕಿವಿ ಕೆಂಪಾಗಿದೆ, ಕಣ್ಣು ತುಂಬಿದೆ, ರೂಮು ಹೋಗುತ್ತದೆ, ಕೆಲಸ ಎಲ್ಲಿಗೋ ಎತ್ತಿ ಹಾಕುತ್ತಾರೆ, ಆದರೂ ನನಗೆ ಬಾಗಿಲು ತೆರೆದು ತೋರಿಸುತ್ತಿದ್ದಾಳೆ, ಹೋಗಿ ಮೇಡಂ, ಹೆದರಿದ್ರೆ ಹೋಗಿ, ಎಂಥ ಹುಡುಗಿಯನ್ನು ತಯಾರು ಮಾಡಿದೆ ಅಕ್ಕ, ಒಂದು ಸುಳ್ಳು ಬರೆಯಲಿಲ್ಲ, ಈಗ ಒಂದು ನಿಜವನ್ನೂ ಕಿತ್ತುಕೊಳ್ಳುತ್ತಿಲ್ಲ. ಎದ್ದುಬಿಡಲೇ, ಹೌದಮ್ಮ ಮೆಟ್ಟಿಲು, ಹೌದಮ್ಮ ನಿದ್ದೆ, ಬ್ಯಾಗು ಎತ್ತಿ ಸಹಿ ಹಾಕಿ, ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಾಯಿತು, ಹಿಂದಿನಿಂದ ತಾತ, ಏನಂತೆ ಗುಬ್ಬಮ್ಮ ಆ ಅಮ್ಮನದು, ಚೆನ್ನಾಗಿದೆಯಂತಾ, ಯಾರ ಮನೆ ಮಗಳೋ ಪಾಪ, ಒಳಗೆ ಬರೋವಾಗ್ಲೇ ಬಿಳುಚಿಕೊಂಡಿದ್ಲು — ಯಾರ ಮನೆ ಮಗಳು, ಸೂಜಿಗೆ ದಾರ ಪೋಣಿಸ್ತಿದೀಯಾ ಅಂತ ನಿಮ್ಮನ್ನು ಕೂಗಿದವಳ ಮಗಳು ತಾತ, ನಿಮ್ಮನ್ನೂ ಅವಳನ್ನೂ ಈ ಮೇಜೇ ಅಷ್ಟು ವರ್ಷ ನಡೆಸಿದ್ದು, ನಾಳೆ ಇಲ್ಲಿಗೆ ಒಬ್ಬಳು ಬರಬೇಕು, ಸ್ವೆಟರು ಹಾಕಿಕೊಂಡು, ಗುಂಡುಕಲ್ಲಿನ ಹಾಗಿದೀನಿ ಅಂತ ಜಗಳವಾಡಿಕೊಂಡು, ಅವಳನ್ನು ಎಳೆದುಕೊಂಡು ಒಬ್ಬ ಮಗಳು, ಆಗ ಈ ಬಾಗಿಲಿಗೆ ಬೀಗ ಇದ್ದರೆ. ತಲೆ ಅಲ್ಲಾಡಿಸಿದೆ, ಇಲ್ಲ, ನಾಳೆ ಇಲ್ಲ, ಮಾತಾಡಬಾರದಲ್ಲ, ತೋಳನ್ನು ಇನ್ನಷ್ಟು ಮುಂದಕ್ಕೆ ಚಾಚಿ ಮೊಣಕೈಯನ್ನು ಆ ನುಣುಪು ಅಂಚಿನ ಮೇಲೆ ಊರಿದೆ, ಇನ್ನೊಂದು ಕೈಯ ಬೆರಳಿಂದ ಯಂತ್ರದ ಗುಂಡಿ ತೋರಿಸಿದೆ, ಒತ್ತು. ಗುಬ್ಬಿ ನನ್ನನ್ನು ನೋಡಿದಳು, ಒತ್ತಿದಳು.

ಗುರ್, ಮತ್ತೆ ಬಿಗಿಯುತ್ತಿದೆ, ಈಗ ಏನನ್ನು ಬೇಡಿಕೊಳ್ಳಲಿ, ಇಳಿದಿರಲಿ ಅಂತಲೋ ಏರಿರಲಿ ಅಂತಲೋ, ಅತ್ತ ದರಿ ಇತ್ತ ಪುಲಿ, ಇಷ್ಟು ವರ್ಷ ಜನರಿಗೆ ಇಳಿಯಲಿ ಅಂತ ಬೇಡಿಕೊಂಡವಳು ಈಗ ನನಗೆ ಏರಿರಲಿ ಅಂತ, ಬೇಡ ಅಂತ, ಏರಿರಲ್ಲ, ಮೆಟ್ಟಿಲು ಹತ್ತಿದ್ದೇ ಇರಬೇಕು, ಏರಿರಲಿ ದೇವರೇ, ಸ್ವಲ್ಪ, ಗೆರೆ ದಾಟುವಷ್ಟು ಮಾತ್ರ, ಡಬ್ ಡಬ್, ಭಯವಾಗುತ್ತಿದೆ ಅಮ್ಮ, ನನಗೆ ನಿಜವಾಗಿ ಭಯವಾಗುತ್ತಿದೆ, ನೀನು ಹೇಗೆ ಅಷ್ಟು ನೀಟಾಗಿ ಕೂತಿದ್ದೆ, ಇಳಿಯುತ್ತಿದೆ, ಗಾಳಿ ಹೋಗುತ್ತಿದೆ, ಗಡಿಯಾರ, ತಾತನ ಕೆಮ್ಮು, ನಿಂತಿತು, ಗುಬ್ಬಿ ಅಂಕಿ ನೋಡುತ್ತಿದ್ದಾಳೆ, ಏಳಿ ಅನ್ನು, ಅನ್ನಬೇಡ, ಪಟ್ಟಿ ಚರ್ ಅಂತ ಬಿಚ್ಚಿತು, ತೋಳಿಗೆ ಗಾಳಿ ತಗುಲಿತು, ಏಳಿ ಅನ್ನುತ್ತಿಲ್ಲ, ಮುಂದಿನೋರು ಬನ್ನಿ ಅನ್ನುತ್ತಿಲ್ಲ, ಅವಳ ಬೆರಳು ನನ್ನ ಅಂಗಿಯ ಮಡಿಕೆಗೆ ಬಂದಿದೆ, ಸಣ್ಣ ಬೆರಳು, ಉಗುರಿನಂಚಿಗೆ ಶಾಯಿ, ಒಂದು ಮಡಿಕೆ, ಹಸಿರು ಸ್ವೆಟರು, ಅಮ್ಮ ಮುಖ ನೋಡುತ್ತಿಲ್ಲ, ಕೈಯನ್ನೇ ನೋಡುತ್ತಿದ್ದಾಳೆ, ಇನ್ನೊಂದು ಮಡಿಕೆ, ಕೈಯನ್ನೇ, ಮಣಿಕಟ್ಟಿನವರೆಗೆ, ತೋಳು ಇಳಿಯುತ್ತಿದೆ, ಇಳಿಯುತ್ತಿದೆ